ಎರಡು ತುಂಡಾದ ಖೋಖಾ

ಗಾಳಿಯಲ್ಲಿ ಹಾರಿದ್ದು ಒಂದು ಹೊಳಪೋ, ಎರಡೋ? ಇಷ್ಟು ವರ್ಷಗಳಾದರೂ ನನಗೆ ಖಚಿತವಾಗಿ ಹೇಳಲಾಗುವುದಿಲ್ಲ. ಪಕ್ಕದಲ್ಲಿ ಬೋರಲಾಗಿ ಮಲಗಿದ್ದ ಗೆಳೆಯನ ರೈಫಲ್ಲಿನಿಂದ ಹಿತ್ತಾಳೆ ಬಣ್ಣದ್ದೇನೋ ಚಿಮ್ಮಿತು, ಬಿಸಿಲಿಗೆ ಮಿಂಚಿತು, ನಮ್ಮ ಬೆನ್ನ ಹಿಂದೆ ಬಿತ್ತು. ಕಲ್ಲಿನ ಮೇಲೆ ಟಣ್ ಎಂದು ಒಂದು ಸದ್ದು ಕೇಳಿದ್ದು ನೆನಪಿದೆ. ಇನ್ನೊಂದು ಹಾರಿದ್ದರೆ ಅದು ಸದ್ದಾಗದ ಕಡೆ ಬಿದ್ದಿರಬೇಕು. ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಾಗ, ಗಡ್ಡ ಹೆರೆದುಕೊಳ್ಳುವಾಗ, ಯಾರದೋ ಮದುವೆಯಲ್ಲಿ ಪಟಾಕಿ ಸಿಡಿದಾಗ ಆ ಕ್ಷಣವನ್ನು ಮತ್ತೆ ಮೊದಲಿನಿಂದ ನೋಡುತ್ತೇನೆ. ನೋಡಿದಷ್ಟೂ ಅದು ಮಸುಕಾಗುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಕೂಡ್ಲಿಗಿ ಸೀಮೆಯ ಹಳ್ಳಿಯಿಂದ ಬಂದು ನಾನು ಬಿಎಸ್ಸಿ ಓದುತ್ತಿದ್ದೆ. ಓದಿದ ಊರಿನ ಹೆಸರು ಬರೆಯುವುದಿಲ್ಲ; ನಾನೀಗ ಹೇಳಹೊರಟ ಮಂಡಕ್ಕಿ ಭಟ್ಟಿಯ ಮನೆಯವರು ಇನ್ನೂ ಅದೇ ಓಣಿಯಲ್ಲಿದ್ದಾರೆ. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಬಸ್ಸುಗಳು ಹಾದುಹೋಗುವ ಊರು ಎಂದರೆ ಸಾಕು. ಕಾಲೇಜಿನಲ್ಲಿ ಕೆಡೆಟ್ ತುಕಡಿಯೊಂದಿತ್ತು. ಖಾಕಿ ಬಟ್ಟೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ಚಡ್ಡಿ, ಪರೇಡು ಮುಗಿದ ಮೇಲೆ ಸಿಗುವ ಪೂರಿ ಪಲ್ಯ. ನಾನು ಸೇರಿದ್ದು ಪೂರಿಗೆ. ನನ್ನ ಗೆಳೆಯ ಸೇರಿದ್ದು ರೈಫಲ್ಲಿಗೆ. ಅವನಿಗೆ ಗುರಿ ಹಿಡಿಯುವುದು ಹುಟ್ಟಿನಿಂದ ಬಂದಿತ್ತು. ಬಸ್‌ಸ್ಟ್ಯಾಂಡಿನ ಹುಣಸೆಮರದ ಬೇಕಾದ ಕಾಯಿಯನ್ನು ಕಲ್ಲಿನಲ್ಲಿ ಉದುರಿಸುತ್ತಿದ್ದ.

ಅವರದು ಮಂಡಕ್ಕಿ ಭಟ್ಟಿ. ಅವನ ಅಬ್ಬಾ ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸಿ ಹದ ಮಾಡಿದ ಅಕ್ಕಿ ಸುರಿದು ಕೈಯಾಡಿಸುವರು. ಕಣ್ಣು ಮಿಟುಕಿಸುವಷ್ಟರಲ್ಲಿ ಅಕ್ಕಿ ಅರಳಿ ಬೆಳ್ಳಗಾಗುವುದು. ಒಲೆಯ ಬಾಯಿಗೆ ಶೇಂಗಾ ಹೊಟ್ಟು ಹಾಕುತ್ತ ಬೆಂಕಿಯನ್ನು ಒಂದೇ ಸಮ ಇಡುವ ಕೆಲಸ ಅವನ ಖಾಲಾಳದು, ಅಂದರೆ ಅವನ ತಾಯಿಯ ಅಕ್ಕನದು. ತಾಯಿ ತೀರಿಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಒಲೆಯ ಬಾಯಿಗೆ ಎದುರಾಗಿ ಒಂದು ಮಣೆ, ಮಣೆಯ ಮೇಲೆ ಖಾಲಾ, ಅವಳ ಮಗ್ಗುಲಲ್ಲಿ ಹೊಟ್ಟಿನ ರಾಶಿ, ಕೈಯಲ್ಲಿ ಹಿಡಿ ಸವೆದ ತಗಡಿನ ಮೊಗೆ. ಆ ಮೊಗೆಯನ್ನು ಅವಳು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಎಡಗಣ್ಣಿಗೆ ಪೊರೆ ಬಂದು ಆಗಲೇ ಕತ್ತಲಾಗಿತ್ತು. ಇನ್ನೊಂದು ಕಣ್ಣಲ್ಲೇ ಅವಳು ಬೆಂಕಿಯ ಬಣ್ಣ ನೋಡಿ, ಹೊಟ್ಟು ಹೆಚ್ಚು ಬೇಕೋ ಕಡಿಮೆ ಬೇಕೋ ಹೇಳುತ್ತಿದ್ದಳು.

ಊರ ಹೊರಗಿನ ಗುಡ್ಡದ ಬುಡದಲ್ಲಿ ನಮಗೆ ಗುಂಡು ಹಾರಿಸುವ ತರಬೇತಿ ಎಂದು ಗೊತ್ತಾದಾಗ ಹೊಸ ಸಮಸ್ಯೆ ಬಂತು. ನೆಲವೆಲ್ಲ ಹರಳುಗಲ್ಲು, ಜಾಲಿಮುಳ್ಳು. ಬೋರಲು ಮಲಗಲು ಏನಾದರೂ ಹಾಸಬೇಕು. ಹಿಂದಿನ ವರ್ಷ ತಂದಿದ್ದ ಜಮಖಾನೆಯನ್ನು ಮುಳ್ಳು ಹರಿದುಹಾಕಿದ್ದರಿಂದ ಕಾಲೇಜಿನವರು ಇನ್ನೊಂದು ಕೊಡಲು ಒಪ್ಪಲಿಲ್ಲ. ಆಗ ಗೆಳೆಯನೇ ಹೇಳಿದ್ದು, ಭಟ್ಟಿಯ ಹೊಟ್ಟಿನ ಚೀಲ ಒಯ್ಯೋಣ ಎಂದು. ಹಗುರ, ಮೆತ್ತಗೆ, ತಂದಷ್ಟೇ ಸುಲಭವಾಗಿ ವಾಪಸು ಹೋಗುತ್ತವೆ.

ಕೇಳಲು ಹೋದಾಗ ಖಾಲಾ ಹೊಟ್ಟು ಎರಚುತ್ತಲೇ ಅಂದಳು: "ಒಯ್ಯಿರಿ, ಒಯ್ಯಿರಿ. ಮಧ್ಯಾಹ್ನಕ್ಕ ವಾಪಸ್ ಬರಬೇಕು ನೋಡ್ರಿ. ನಾಳೆ ಸಂತಿ ಐತಿ, ಭಟ್ಟಿ ಹಚ್ಚಬೇಕು."

"ತರ್ತೀವಿ ಖಾಲಾ."

"ಮತ್ತ ಗುಂಡು ನನ್ನ ಕಡಿ ಮಾತ್ರ ಹೊಡಿಬ್ಯಾಡ್ರಪಾ. ಇರೋದು ಒಂದ ಕಣ್ಣು."

ನಾವು ನಕ್ಕೆವು. ಅವಳೂ ನಕ್ಕಳು.

ತರಬೇತಿ ಕೊಡಲು ಬಂದ ಹವಾಲ್ದಾರರನ್ನು ನಾವೆಲ್ಲ ಉಸ್ತಾದರೆಂದು ಕರೆಯುತ್ತಿದ್ದೆವು. ವಿಜಾಪುರದ ಕಡೆಯ ಮನುಷ್ಯ, ಬಿರುಸು ಮಾತು, ಒಳಗೆ ಮೆತ್ತಗೆ. ಅವರ ಜೀಪಿನಲ್ಲಿ ಹಳೆಯ ತ್ರೀ ನಾಟ್ ತ್ರೀ ರೈಫಲ್ಲುಗಳಿದ್ದವು, ಸೀಲು ಮಾಡಿದ ಗುಂಡಿನ ಪೆಟ್ಟಿಗೆಗಳಿದ್ದವು. ಪೆಟ್ಟಿಗೆ ಒಡೆದು ರೌಂಡುಗಳನ್ನು ಹಂಚುವಾಗ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಹಿತ್ತಾಳೆಯ ಕೊಳವೆ, ಒಳಗೆ ಮದ್ದು, ಬಾಯಲ್ಲಿ ಕಚ್ಚಿಕೊಂಡ ಸೀಸದ ಗುಂಡು. ಕೊಳವೆಯ ಕುತ್ತಿಗೆಯ ಹತ್ತಿರ ಕೂದಲೆಳೆಯಷ್ಟು ತೆಳುವಾದ ಒಂದು ಗೆರೆ ಉದ್ದಕ್ಕೆ ಇಳಿದಿತ್ತು. ಉಗುರು ಆಡಿಸಿದರೆ ಉಗುರಿಗೆ ಸಿಗುತ್ತಿತ್ತು.

"ಉಸ್ತಾದ್, ಇದು ಸೀಳಿದಂಗೈತಲ್ರಿ?"

ಅವರು ತೆಗೆದುಕೊಂಡು ಬಿಸಿಲಿಗೆ ಹಿಡಿದರು. "ಗೀರು ಬಿದ್ದಿರಬೇಕು. ಕಾರ್ಖಾನಿಯಿಂದ ಸೀಲ್ ಆಗಿ ಬಂದ ಪೆಟ್ಟಿಗಿ ಐತಿ ಇದು, ಸಂತ್ಯಾಗ ತಂದ ಬದನಿಕಾಯಿ ಅಲ್ಲ. ಆದ್ರೂ ಇರ್ಲಿ," ಎಂದು ಅದನ್ನು ಬೇರೆ ಇಟ್ಟು ನನಗೆ ಬೇರೊಂದು ಕೊಟ್ಟರು.

ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕೊಳವೆಗೆ ತುಕಡಿಯಲ್ಲಿ ಖೋಖಾ ಎನ್ನುತ್ತಿದ್ದರು. ಖೋಖಾ ಕಳೆಯುವುದೆಂದರೆ ದೊಡ್ಡ ಅಪರಾಧ. ಎಷ್ಟು ರೌಂಡು ಕೊಟ್ಟರೋ ಅಷ್ಟು ಖೋಖಾ ಡಬ್ಬಿಗೆ ಬೀಳಬೇಕು. ಒಂದು ಕಡಿಮೆಯಾದರೂ ಎಲ್ಲರೂ ಮೊಣಕಾಲೂರಿ ಹುಲ್ಲು ಕೆದಕಬೇಕು. ಕೊನೆಗೆ ಒಬ್ಬೊಬ್ಬರೂ ಸೆಟೆದು ನಿಂತು, ನನ್ನ ಬಳಿ ಜೀವಂತ ರೌಂಡಾಗಲಿ ಖಾಲಿ ಖೋಖಾ ಆಗಲಿ ಇಲ್ಲ ಎಂದು ಹಿಂದಿಯಲ್ಲಿ ಕೂಗಿ ಹೇಳಬೇಕು. ನಮ್ಮ ಹಿಂದಿ ಕೇಳಿ ಗೆಳೆಯ ಹೊಟ್ಟೆ ಹಿಡಿದು ನಗುತ್ತಿದ್ದ. "ಲೇ, ನೀನು ಅಂದದ್ದು ಕೇಳಿದ್ರ ನಿನ್ನ ಹತ್ರ ಜೀವಾನೇ ಇಲ್ಲ ಅಂದಂಗೈತಿ."

ನಮಗೆ ತಲಾ ಐದು ರೌಂಡು. ನಾನೂ ಅವನೂ ಒಂದೇ ಸರದಿಯಲ್ಲಿ ಅಕ್ಕಪಕ್ಕ ಮಲಗಿದೆವು. ಎದೆಯ ಕೆಳಗೆ ಹೊಟ್ಟಿನ ಚೀಲ ಸರಸರ ಅನ್ನುತ್ತಿತ್ತು. ಅವನ ಚೀಲದ ಮಗ್ಗುಲು ಜಾಲಿಮುಳ್ಳಿಗೆ ಸಿಕ್ಕಿ ಅಂಗೈಯಗಲ ಹರಿದು, ಹೊಟ್ಟು ಹೊರಗೆ ಇಣುಕುತ್ತಿತ್ತು.

ಅವನ ನಾಲ್ಕನೆಯ ಗುಂಡಿನ ಸದ್ದು ಬೇರೆಯಾಗಿತ್ತು. ಉಳಿದವು ಕಿವಿಗೆ ಬಡಿದಂತೆ ಕೇಳಿದರೆ ಇದು ಉಸಿರು ಬಿಟ್ಟಂತೆ. ಅವನು "ಅಮ್ಮೀ" ಅಂದ. ರೈಫಲ್ಲಿನ ಹಿಂಬದಿಯಿಂದ ಬಿಸಿ ಗಾಳಿ ಅವನ ಕೆನ್ನೆಗೆ ಹೊಡೆದಿತ್ತು. ಆದರೂ ಕಲಿಸಿದ್ದನ್ನು ಬಿಡದೆ, ಗುರಿಯಿಂದ ಕಣ್ಣು ತೆಗೆಯದೆ, ಖೋಖಾ ಹೊರಹಾಕುವ ಬೋಲ್ಟ್ ಎಳೆದ, ಹೊಸ ರೌಂಡು ತುಂಬಲು ಮುಂದಕ್ಕೆ ನೂಕಿದ. ಐದನೆಯ ರೌಂಡು ಅರ್ಧಕ್ಕೇ ನಿಂತಿತು. ಅಂಗೈಯಿಂದ ಒಮ್ಮೆ ಗುದ್ದಿದ.

"ಕೈ ತಗಿ! ಕೈ ತಗಿಯಲೇ!" ಉಸ್ತಾದರು ಓಡಿಬಂದು ಅವನ ಪಕ್ಕ ಮೊಣಕಾಲೂರಿದರು, ಬೋಲ್ಟನ್ನು ಎರಡೂ ಕೈಯಿಂದ ಜಗ್ಗಿದರು. ಎರಡನೆಯ ಜಗ್ಗಿಗೆ ಅದು ಬಿಟ್ಟುಕೊಂಡಿತು. ಆಗ ಹಾರಿತು ಆ ಹೊಳಪು.

ಆಮೇಲೆ ಯಾರೂ ಹಿತ್ತಾಳೆ ನೋಡಲಿಲ್ಲ. ಎಲ್ಲರ ಕಣ್ಣೂ ಗೆಳೆಯನ ಮುಖದ ಮೇಲೆ. ಬಲಗೆನ್ನೆ ಮಸಿ ಬಳಿದಂತೆ ಕಪ್ಪಾಗಿ, ಕಣ್ಣಿನ ಕೆಳಗೆ ಒಂದು ಕಡೆ ಚರ್ಮ ಸುಟ್ಟಿತ್ತು. ಉಸ್ತಾದರು ಅವನ ರೆಪ್ಪೆ ಬಿಡಿಸಿ ಬೆರಳು ತೋರಿಸಿದರು. "ಎಷ್ಟು?" "ಎರಡು." "ಈಗ?" "ಒಂದ ಬೆಳ್ಳು ಉಸ್ತಾದ್, ಅದೂ ಹೊಲಸೈತಿ." ಉಸ್ತಾದರು ನಕ್ಕರು. ಆ ರೈಫಲ್ಲನ್ನು ಬದಿಗಿಟ್ಟರು, ತರಬೇತಿ ಅಲ್ಲಿಗೇ ನಿಲ್ಲಿಸಿದರು, ಖೋಖಾ ಆರಿಸಲು ಹೇಳಿದರು.

ಹುಡುಕಿದವರಿಗೆ ಬೇರೆ ಬೇರೆ ಕಡೆ ಎರಡು ವಿಚಿತ್ರ ವಸ್ತು ಸಿಕ್ಕವು. ಒಂದು, ತಳವಿಲ್ಲದ ಕೊಳವೆ. ಬೆರಳಿಗೆ ಉಂಗುರದಂತೆ ತೂರಿಸಬಹುದು. ಇನ್ನೊಂದು, ಕೊಳವೆಯೇ ಇಲ್ಲದ ಬರೀ ತಳ, ದಪ್ಪ ಗುಂಡಿಯಂತೆ. ಒಡೆದಿದ್ದರೂ ಹಿತ್ತಾಳೆ ಹಿತ್ತಾಳೆಯೇ. ಎರಡನ್ನೂ ಡಬ್ಬಿಗೆ ಹಾಕಿದರು. ಉಳಿದ ರೌಂಡುಗಳನ್ನು ಬೇರೆ ಎಣಿಸಿ, ಖೋಖಾ ಬೇರೆ ಎಣಿಸಿ, ಕೂಡಿಸಿದರು. ಕೊಟ್ಟ ಲೆಕ್ಕಕ್ಕೆ ಸರಿಯಾಯಿತು. ಉಸ್ತಾದರು ನಿಟ್ಟುಸಿರುಬಿಟ್ಟರು. ನಾವು ಸಾಲಾಗಿ ನಿಂತು ಹಿಂದಿಯಲ್ಲಿ ಕೂಗಿದೆವು. ಭಟ್ಟಿಯ ಎತ್ತಿನ ಗಾಡಿ ಬಂದು ಚೀಲಗಳನ್ನು ಹೇರಿಕೊಂಡು ಹೋಯಿತು.

ಆಸ್ಪತ್ರೆಯಲ್ಲಿ ಗೆಳೆಯನ ಕೆನ್ನೆಗೆ ಹಳದಿ ಮುಲಾಮು ಬಳಿಸಿಕೊಂಡು ನಾವಿಬ್ಬರೂ ಹೋಟೆಲಿನಲ್ಲಿ ಮಿರ್ಚಿ ಬಜ್ಜಿ ತಿನ್ನುತ್ತ ಕೂತೆವು. ಅವನು ತನ್ನ ಗುರಿಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಬಿಚ್ಚಿ ಮೇಜಿನ ಮೇಲೆ ಹರಡಿದ. ನಡುವಿನ ವೃತ್ತದಲ್ಲಿ ಒತ್ತೊತ್ತಾಗಿ ನಾಲ್ಕು ತೂತು.

"ಒಂದು ತಪ್ಪೈತಲ್ಲೋ," ನಾನು ಕೆಣಕಿದೆ. "ಐದನೇದು ಎಲ್ಲಿ, ಹಗರಿಬೊಮ್ಮನಹಳ್ಳಿಗೆ ಹೋತೇನು?"

"ಲೇ ಮಂಗ್ಯಾ, ಐದನೇದು ಹೊಡದೇ ಇಲ್ಲ. ಹೊಡಿದಿದ್ರ ಅದೂ ಇಲ್ಲೇ ಇರ್ತಿತ್ತು," ಎಂದು ಎಣ್ಣೆಗೈಯ ಬೆರಳನ್ನು ನಡುವೆ ಒತ್ತಿದ. "ಉಸ್ತಾದ್ ಎಳದು ತಗದ್ರಲ್ಲ."

"ತಗದು ಎಲ್ಲಿ ಇಟ್ರು?"

"ನನಗೇನು ಗೊತ್ತು? ನನಗ ಕೆನ್ನಿ ಉರಿಯಾಕ ಹತ್ತಿತ್ತು."

ನನಗೆ ಮೊದಲು ಹುಟ್ಟಿದ್ದು ಭಯವಲ್ಲ, ಕುತೂಹಲ. ಬಿಡಿಸಲಾಗದ ಸಮೀಕರಣ ಸಿಕ್ಕಾಗಿನ ಹಾಗೆ. ಹಾರದ ರೌಂಡು ಒಂದಿತ್ತು. ಅದನ್ನು ಯಾರೂ ಪೆಟ್ಟಿಗೆಗೆ ಹಾಕಿದ್ದನ್ನು ನಾನು ನೋಡಿಲ್ಲ. ಹಾಗಾದರೆ ಲೆಕ್ಕದಲ್ಲಿ ಒಂದು ಕಡಿಮೆ ಬೀಳಬೇಕಿತ್ತು. ಆದರೆ ಸರಿಬಂದಿತು. ಎಲ್ಲೋ ಒಂದು ಹೆಚ್ಚಾಗಿರಬೇಕು. ನನ್ನ ಕಣ್ಣ ಮುಂದೆ ಆ ತಳವಿಲ್ಲದ ಕೊಳವೆ, ಆ ಕೊಳವೆಯಿಲ್ಲದ ತಳ ಬಂದು ನಿಂತವು. ಮೇಜಿನ ಮೇಲಿದ್ದ ಮಿರ್ಚಿಯನ್ನು ಎರಡಾಗಿ ಮುರಿದೆ. ತುಂಡು ಎರಡು. ಮಿರ್ಚಿ ಒಂದು.

ನಾಲ್ಕನೆಯ ಗುಂಡಿನಲ್ಲಿ ಖೋಖಾ ಅಡ್ಡಕ್ಕೆ ಸೀಳಿತ್ತು. ಬೋಲ್ಟ್ ಎಳೆದಾಗ ತಳವಷ್ಟೇ ಹೊರಬಂದು, ಮುಂದಿನ ಕೊಳವೆ ರೈಫಲ್ಲಿನೊಳಗೇ ಉಳಿದಿತ್ತು. ಐದನೆಯ ರೌಂಡು ಅದರೊಳಗೆ ಹೋಗಿ ಕಚ್ಚಿಕೊಂಡಿತು. ಉಸ್ತಾದರು ಜಗ್ಗಿದಾಗ ಎರಡೂ ಒಟ್ಟಿಗೆ ಚಿಮ್ಮಿ ಬೇರೆಯಾಗಿರಬೇಕು. ಕೊಳವೆ ಕಲ್ಲಿಗೆ ಬಿದ್ದು ಟಣ್ ಅಂದಿತು. ರೌಂಡು ಬಿದ್ದದ್ದು ಸದ್ದಾಗದ ಕಡೆ.

"ನಿನ್ನ ಚೀಲ ಹರದಿತ್ತಲ್ಲೋ," ಎಂದೆ.

ಅವನು ನನ್ನ ಮುಖ ನೋಡಿದ. ಹೊರಗೆ ಆಗಲೇ ಬಿಸಿಲು ಇಳಿಯುತ್ತಿತ್ತು. ನಾಳೆ ಸಂತೆ. ಭಟ್ಟಿ ಹಚ್ಚುವ ಹೊತ್ತು. ನಮ್ಮಿಬ್ಬರ ಬಾಯಿಂದಲೂ ಖಾಲಾಳ ಕಣ್ಣಿನ ಮಾತು ಬರಲಿಲ್ಲ. ಸೈಕಲ್ಲು ಅವನದು, ತುಳಿದದ್ದು ನಾನು.

ಓಣಿಯ ತಿರುವಿನಲ್ಲೇ ಮಂಡಕ್ಕಿಯ ವಾಸನೆ ಬಂತು. ಒಳಗೆ ಅಬ್ಬಾ ಬಾಣಲೆಯ ಮುಂದೆ, ಖಾಲಾ ಒಲೆಯ ಬಾಯಿಗೆ ಎದುರಾಗಿ. ಗೋಡೆಯ ಬಳಿ ಬರಿದಾದ ಚೀಲಗಳು ಬಿದ್ದಿದ್ದವು, ಎಲ್ಲಕ್ಕಿಂತ ಮೇಲೆ ಮಗ್ಗುಲು ಹರಿದದ್ದು. ಅದರ ಹೊಟ್ಟು ಅರ್ಧ ರಾಶಿಯಲ್ಲಿತ್ತು, ಅರ್ಧ ಬೆಂಕಿಯಲ್ಲಿ.

"ಖಾಲಾ, ಏಳು! ಹೊಟ್ಟಿನಾಗ ಗುಂಡೈತಿ!" ಗೆಳೆಯ ಕೂಗಿದ.

"ಬಂದ್ಯಾ? ಏನಿದು ಮಾರಿ? ಯಾರು ಹಳದಿ ಹಚ್ಯಾರ ನಿನಗ, ಮದುವಿ ಏನು?" ಅವಳು ಇನ್ನೊಂದು ಮೊಗೆ ಹೊಟ್ಟು ಎರಚಿದಳು.

"ಹಾಕಬ್ಯಾಡ! ಜೀವಂತ ಗುಂಡೈತಿ ಅದರಾಗ!"

ಅಬ್ಬಾ ಕೈಯಾಡಿಸುತ್ತಲೇ ಅಂದರು, "ಗಾಡಿಯವ ಹೇಳ್ಯಾನಪಾ, ಮಿಲ್ಟ್ರಿಯವರು ಒಂದೊಂದೂ ಎಣಿಸಿಕೊಂಡು ಹೋದ್ರು ಅಂತ. ಲೆಕ್ಕ ಬರೋಬ್ಬರಿ ಆತಂತ."

"ಲೆಕ್ಕ ತಪ್ಪೈತ್ರಿ," ನಾನೆಂದೆ. ಎರಡು ತುಂಡು, ಒಂದು ಖೋಖಾ ಎಂದು ವಿವರಿಸತೊಡಗಿದೆ. ನನ್ನ ಮಾತು ನನಗೇ ಉದ್ದವೆನಿಸಿತು. ಗೆಳೆಯ ಮೊಣಕಾಲೂರಿ ಎರಡೂ ಕೈಯಿಂದ ರಾಶಿ ಕೆದಕುತ್ತಿದ್ದ. ಹೊಟ್ಟು ಹಾರಿ ಅಬ್ಬಾರ ಗಡ್ಡಕ್ಕೆ ಹತ್ತಿತು.

ಖಾಲಾಗೆ ರೇಗಿತು. "ಮರಳು ಕೆಂಪಾಗಿ ಕುಂತೈತಿ, ಅಕ್ಕಿ ಹದಕ್ಕ ಬಂದೈತಿ. ಈಗ ಎದ್ರ ಎಲ್ಲಾ ಕರಕಲು. ನಿಮ್ಮ ಗುಂಡು ನಿಮ್ಮ ಕಾಲೇಜಿನಾಗ ಹುಡುಕಿಕೊಳ್ರಿ, ನಡೀರಿ."

ರಾಶಿಯಲ್ಲಿ ಗುಂಡು ಇರಲಿಲ್ಲ. ಇಲ್ಲವೆಂದರೆ ಅದು ಎಲ್ಲಿದೆ ಎಂಬುದು ನಮ್ಮಿಬ್ಬರಿಗೂ ಗೊತ್ತು. ಒಲೆಯ ಬಾಯಿ ಅವಳ ಮುಖದಿಂದ ಒಂದು ಮೊಳ. ಆಗ ಗೆಳೆಯ ಮಾಡಿದ್ದನ್ನು ನೆನೆದರೆ ಇಂದಿಗೂ ನನಗೆ ಬೆರಗು. ಅವನು ಮತ್ತೆ ಬೇಡಿಕೊಳ್ಳಲಿಲ್ಲ. ಅವಳ ಕೈಯಿಂದ ಮೊಗೆ ಕಿತ್ತುಕೊಂಡು ಬಾಗಿಲ ಕಡೆ ಓಡಿದ.

"ಎಲಾ ಇವನ! ಕೊಡೋ ನನ್ನ ಮೊಗೆ! ಹರಾಮ್‌ಖೋರ್, ಕೈ ಮುರೀತೀನಿ!" ಖಾಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಬಾಗಿಲವರೆಗೂ ಅಟ್ಟಿಸಿಕೊಂಡು ಹೋದಳು. ಅವನು ಅಂಗಳಕ್ಕೆ ಇಳಿದ, ಅವಳು ಹೊಸ್ತಿಲ ಮೇಲೆ ನಿಂತು ಮತ್ತೆರಡು ಬೈಗುಳ ಉದುರಿಸಿದಳು. ಅಷ್ಟರಲ್ಲಿ ಒಲೆಯೊಳಗೆ ಅದು ಸಿಡಿಯಿತು.

ನಾನು ಅಂದುಕೊಂಡಷ್ಟು ದೊಡ್ಡ ಸದ್ದಲ್ಲ. ತೆಂಗಿನಕಾಯನ್ನು ಬಂಡೆಗೆ ಅಪ್ಪಳಿಸಿದಂತೆ. ಬಾಣಲೆ ಕುಪ್ಪಳಿಸಿತು, ಮರಳು ಚೆಲ್ಲಿತು, ಒಲೆಯ ಬಾಯಿಂದ ಬೂದಿ, ಕೆಂಡ ಭುಸ್ಸೆಂದು ಹೊರಬಂದು ಮಣೆಯ ಮೇಲೆಲ್ಲ ಕವಿಯಿತು. ಅಬ್ಬಾ ಹಿಂದಕ್ಕೆ ಕೂತುಬಿಟ್ಟರು. ಬಾಣಲೆಯಲ್ಲಿದ್ದ ಅಕ್ಕಿ ಮಾತ್ರ ತನ್ನ ಪಾಡಿಗೆ ಚಟಪಟ ಅರಳಿ ಕಪ್ಪಾಗುತ್ತಿತ್ತು.

ಮಣೆಯ ಹಿಂದಿನ ಗೋಡೆಗೆ ಒರಗಿಸಿದ್ದ ಮೊರದಲ್ಲಿ ಒಂದು ಸೀಳು ಬಿದ್ದಿತ್ತು. ಹಿಂದೆ ಮಣ್ಣಿನ ಗೋಡೆಯಲ್ಲಿ ಹಿತ್ತಾಳೆಯ ಚೂರು ನೆಟ್ಟಿತ್ತು, ಮುಟ್ಟಿದರೆ ಇನ್ನೂ ಬಿಸಿ. ನಾನು ಮಣೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಖಾಲಾ ಕೂತರೆ ಅವಳ ಕಣ್ಣು ಎಷ್ಟು ಎತ್ತರಕ್ಕೆ ಬರುವುದೋ ಅಷ್ಟಕ್ಕೆ ನನ್ನ ಅಂಗೈ ಹಿಡಿದು ನೋಡಿದೆ, ಚೂರಿಗೆ ನೇರವಾಗಿತ್ತು. ಆಮೇಲೆ ಕೈ ತೆಗೆದೆ. ಅವಳು ನೋಡುತ್ತಿದ್ದಳು.

ಗೆಳೆಯ ಮೊಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವಳು ಅದನ್ನು ಕಿತ್ತುಕೊಂಡು ಅವನ ಬೆನ್ನಿಗೆ ಎರಡು ಬಾರಿಸಿದಳು. ಮೂರನೆಯದಕ್ಕೆ ಕೈ ಎತ್ತಿದವಳು ಹಾಗೇ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಹಳದಿ ಮುಲಾಮು ಅವಳ ರವಿಕೆಗೆಲ್ಲ ಹತ್ತಿತು.

ಬೆಂಕಿ ಆರಿದ ಮೇಲೆ ಬೂದಿ ಜರಡಿ ಹಿಡಿದಾಗ ರೌಂಡಿನ ತುದಿಯ ಗುಂಡು ಅಲ್ಲೇ ಇತ್ತು, ಹೊರಗೆ ಬಂದೇ ಇರಲಿಲ್ಲ. ಹಾರಿ ಬಂದದ್ದು ಹಗುರವಾದ ಹಿತ್ತಾಳೆ. ರೈಫಲ್ಲಿನ ನಳಿಗೆಯ ಹೊರಗೆ ಸಿಡಿದಾಗ ಭಾರದ ಗುಂಡು ಹೆಚ್ಚು ದೂರ ಹೋಗುವುದಿಲ್ಲ, ಚೂರಾದ ಕೊಳವೆಯೇ ಹಾರುತ್ತದೆ ಎಂದು ಆಮೇಲೆ ತಿಳಿದೆ. ಅಲ್ಲಿಯವರೆಗಿನ ನಮ್ಮ ಭಯಕ್ಕೆಲ್ಲ ಗುಂಡೇ ಕಾರಣವಾಗಿತ್ತು. ಖೋಖಾದ ಬಗ್ಗೆ ಹೆದರಬೇಕೆಂದು ಯಾರೂ ಕಲಿಸಿರಲಿಲ್ಲ.

ಸುದ್ದಿ ತಲುಪಿದ ಮೇಲೆ ಉಸ್ತಾದರು ತಾವೇ ಬಂದರು. ಭಟ್ಟಿಯ ಕಟ್ಟೆಯ ಮೇಲೆ ಕೂತು, ಡಬ್ಬಿಯಿಂದ ಆ ಕೊಳವೆ, ಆ ತಳ ಎರಡನ್ನೂ ತೆಗೆದು ಒಂದರ ಮೇಲೊಂದು ಇಟ್ಟರು. ಮುರಿದ ಅಂಚು ಅಂಚಿಗೆ ಕೂತು ಇಡೀ ಖೋಖಾ ಆಯಿತು. ಅದನ್ನೇ ಬಹಳ ಹೊತ್ತು ಹಿಡಿದುಕೊಂಡಿದ್ದರು. ಖಾಲಾ ಅವರ ಮುಂದೆ ಮಂಡಕ್ಕಿ ಇಟ್ಟು, "ತಿನ್ರಿ, ಇದು ಎಣಿಸಬೇಕಾಗಿಲ್ಲ," ಅಂದಳು. ಅವರು ತಲೆತಗ್ಗಿಸಿ ತಿಂದರು. ಅಂದಿನಿಂದ ನಮ್ಮ ತುಕಡಿಯಲ್ಲಿ ಒಂದು ಕಟ್ಟಳೆ ಬಂತು: ತಳ ಇದ್ದದ್ದು ಮಾತ್ರ ಖೋಖಾ. ಅದೇ ಪೆಟ್ಟಿಗೆಯ ಉಳಿದ ರೌಂಡುಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ ನಾವು ನೋಡಿದೆವು. ಹಾರಿಸದೆಯೇ ಕುತ್ತಿಗೆ ಸೀಳಿದವು ಇನ್ನೂ ಇದ್ದವು. ಅವು ವಾಪಸು ಹೋದವು. ಯಾವ ಕಾರ್ಖಾನೆಯವು, ಹೋದ ಮೇಲೆ ಏನಾದವು, ನಮಗೆ ಯಾರೂ ಹೇಳಲಿಲ್ಲ.

ಯಾಕೆ ಸೀಳಿದವು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ರಸಾಯನಶಾಸ್ತ್ರದ ಮೇಷ್ಟ್ರು ಹೇಳಿದರು: ಹಿತ್ತಾಳೆಯನ್ನು ಎಳೆದು ಕೊಳವೆ ಮಾಡುವಾಗ ಅದರೊಳಗೆ ಬಿಗಿತ ತುಂಬಿಕೊಳ್ಳುತ್ತದೆ, ಕಾಯಿಸಿ ಅದನ್ನು ಇಳಿಸದಿದ್ದರೆ, ಪೆಟ್ಟಿಗೆಯಲ್ಲಿ ಸುಮ್ಮನೆ ಕೂತಿದ್ದರೂ ವರ್ಷಗಳ ಮೇಲೆ ತಾನಾಗಿ ಬಿರಿಯಬಹುದು. ಅಮೋನಿಯಾದ ಗಾಳಿ ತಾಗಿದರೆ ಇನ್ನೂ ಬೇಗ. ಕುತ್ತಿಗೆಯ ಉದ್ದನೆಯ ಗೆರೆಗೆ ಈ ಮಾತು ಹೊಂದುತ್ತಿತ್ತು. ತಳ ಅಡ್ಡಕ್ಕೆ ಹರಿದದ್ದಕ್ಕೆ? ರೈಫಲ್ಲು ಸವೆದಿತ್ತೋ, ಲೋಹ ಅಲ್ಲಿ ತೆಳುವಾಗಿತ್ತೋ. ಮೇಷ್ಟ್ರು ಗೊತ್ತಿಲ್ಲವೆಂದರು. ನನಗೂ ಗೊತ್ತಿಲ್ಲ. ಯಾರೂ ಮುಟ್ಟದೆ, ಯಾರೂ ಬಡಿಯದೆ, ಕತ್ತಲ ಪೆಟ್ಟಿಗೆಯಲ್ಲಿ ಒಂದು ವಸ್ತು ತನ್ನೊಳಗಿನ ಬಿಗಿತಕ್ಕೇ ಬಿರಿಯುತ್ತ ಕೂತಿರುತ್ತದೆ ಎಂಬುದು ನನಗೆ ಬೆಂಕಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಗೆಳೆಯ ಈಗಲೂ ಸಿಗುತ್ತಾನೆ. ಹರಪನಹಳ್ಳಿಯಲ್ಲಿ ಪಂಪ್‌ಸೆಟ್ಟು ರಿಪೇರಿ ಮಾಡುತ್ತಾನೆ, ಕೆನ್ನೆಯ ಮೇಲೆ ಕಡಲೆಬೇಳೆಯಷ್ಟು ಕಲೆ. ಹಾರಿದ್ದು ಎರಡು, ತಾನು ನೋಡಿದೆ ಎನ್ನುತ್ತಾನೆ. ಅವನ ಕಣ್ಣಿಗೆ ಮಸಿ ಹೊಡೆದಿತ್ತು, ನೋಡಿರಲು ಸಾಧ್ಯವಿಲ್ಲ ಎಂದು ನಾನು ವಾದಿಸುತ್ತೇನೆ.

ಕೆಲಸ ಸಿಕ್ಕ ಮೇಲೆ, ಎಂಬತ್ತರ ದಶಕದಲ್ಲಿ ಒಮ್ಮೆ ಆ ಓಣಿಗೆ ಹೋಗಿದ್ದೆ. ಭಟ್ಟಿ ನಡೆದಿತ್ತು. ಖಾಲಾ ಒಲೆಯ ಎದುರಿಗಿರಲಿಲ್ಲ. ಮಣೆಯನ್ನು ಬಾಯಿಯ ಪಕ್ಕಕ್ಕೆ ಹಾಕಿಕೊಂಡು, ಮೊಗೆಗೆ ಉದ್ದನೆಯ ಹಿಡಿ ಕಟ್ಟಿಸಿಕೊಂಡು, ಕೈ ಚಾಚಿ ಓರೆಯಾಗಿ ಹೊಟ್ಟು ಹಾಕುತ್ತಿದ್ದಳು. ಹೊಟ್ಟನ್ನು ಮೊದಲು ಜರಡಿ ಹಿಡಿದು ಬೇರೆ ರಾಶಿ ಮಾಡಿದ್ದಳು. ಕಾಣದ ಎಡಗಣ್ಣು ಬೆಂಕಿಯ ಕಡೆಗಿತ್ತು, ಕಾಣುವ ಕಣ್ಣು ಗೋಡೆಯ ಕಡೆಗೆ.

"ಬೆಂಕಿ ಬಣ್ಣ ಹೆಂಗ ಕಾಣತೈತಿ ಖಾಲಾ, ಹಿಂಗ ಕುಂತ್ರ?"

"ಕಾಣಂಗಿಲ್ಲ," ಅಂದಳು. "ಈಗ ಸದ್ದು ಕೇಳ್ತೀನಿ." ಮೊಗೆ ತುಂಬಿ ಎರಚಿ, ಒಲೆಯ ಕಡೆ ಕಿವಿಗೊಟ್ಟು ಕೇಳಿ, ಮತ್ತೆ ಮೊಗೆ ತುಂಬಿದಳು.